ಬೂಟು ಕೈಯಾಗೋ, ಕೊರಳಾಗೋ

ಸೈಕಲ್ಲಿಗೆ ಎಪ್ಪತ್ತೆಂಟು ಸಾವಿರ. ತಲೆಯ ಮೇಲೆ ಬುಟ್ಟಿ ಬೋರಲು ಹಾಕಿದಂತೆ ಕಾಣುವ ಹೆಲ್ಮೆಟ್ಟಿಗೆ ನಾಲ್ಕೂವರೆ ಸಾವಿರ. ಕೂಡುವ ಕಡೆ ಮೆತ್ತೆ ಹೊಲಿದ ಬಿಗಿ ಚಡ್ಡಿಗೆ ಎರಡು ಸಾವಿರದ ಎಂಟುನೂರು. ಬಣ್ಣದ ಕನ್ನಡಕಕ್ಕೆ ಸಾವಿರದ ಒಂಬೈನೂರು. ಇವೆಲ್ಲ ಹೋಗಲಿ, ಬೂಟು ಮತ್ತು ಅದಕ್ಕೆ ಜೋಡಿಯಾದ ಪೆಡಲು ಸೇರಿ ಹದಿನೈದು ಸಾವಿರ. ಹದಿನೈದು ಸಾವಿರದ ಬೂಟು ಹಾಕಿಕೊಂಡು ಹದಿನೈದು ಹೆಜ್ಜೆ ನಡೆಯಲು ಬರುವುದಿಲ್ಲ ಎಂಬುದನ್ನು ಅಂಗಡಿಯವನು ಹೇಳಲಿಲ್ಲ, ಯಜ್ಞೇಶ್ವರ ಮಳಗಿಯವರು ಕೇಳಲಿಲ್ಲ.

ಆ ಬೂಟಿನ ತಳದಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಗಂಟು ಇರುತ್ತದೆ. ಪೆಡಲಿನ ಮೇಲಿಟ್ಟು ಒತ್ತಿದರೆ ಟಕ್ಕೆಂದು ಬೀಗ ಬಿದ್ದು ಮನುಷ್ಯ, ಸೈಕಲ್ಲು ಎರಡೂ ಒಂದಾಗುತ್ತವೆ. ಬಿಡಿಸಿಕೊಳ್ಳಬೇಕಾದರೆ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ತಿರುಗಿಸುವುದು ನೆನಪಾಗುವಷ್ಟರಲ್ಲಿ ಎರಡೂ ಒಟ್ಟಿಗೇ ನೆಲ ಸೇರಿರುತ್ತವೆ. ಇನ್ನು ಆ ಬೂಟಿನಲ್ಲಿ ನಡೆಯುವುದೆಂದರೆ ನುಣುಪು ಫರಸಿಗಲ್ಲಿನ ನೆಲದ ಮೇಲೆ ಎಮ್ಮೆಯ ಕರು ನಡೆದ ಹಾಗೆ.

ಮಳಗಿಯವರು ಧಾರವಾಡದ ಮಾಳಮಡ್ಡಿಯವರು. ವಯಸ್ಸು ಐವತ್ತಾರು. ಪರೀಕ್ಷಾ ಕಚೇರಿಯೊಂದರಲ್ಲಿ ಮರುಎಣಿಕೆ ವಿಭಾಗದ ಮುಖ್ಯಸ್ಥರು. ಬೇರೆಯವರು ನಪಾಸಾದುದನ್ನು ಎರಡೆರಡು ಸಲ ಕೂಡಿಸಿ ನೋಡಿ ಖಾತ್ರಿ ಮಾಡಿಕೊಡುವುದರಲ್ಲಿ ಮೂವತ್ತು ವರ್ಷ ಕಳೆದವರು. ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ, ದಿನಾ ಅರ್ಧ ತಾಸು ನಡೆಯಿರಿ ಎಂದು ಡಾಕ್ಟರು ಹೇಳಿದಾಗ ಅವರಿಗೆ ನಡೆಯುವುದು ಸಪ್ಪೆ ಎನಿಸಿತು. ನಡೆಯುವವರು ಓಣಿ ತುಂಬ ಇದ್ದಾರೆ. ಮಳಗಿಯವರೂ ನಡೆದರೆ ಯಾರು ತಿರುಗಿ ನೋಡಬೇಕು?

ಹೀಗಾಗಿ ಅವರು ವರಪ್ರಸಾದ ಮಾಸ್ತರರ ಸೈಕಲ್ ಬಳಗ ಸೇರಿದರು. ವರಪ್ರಸಾದರು ಮಿಶನ್ ಸಾಲಿಯಲ್ಲಿ ಡ್ರಿಲ್ ಮಾಸ್ತರಾಗಿ ನಿವೃತ್ತರಾದವರು. ಅರವತ್ತಮೂರರಲ್ಲೂ ಕಬ್ಬಿನ ಜಲ್ಲೆಯ ಹಾಗಿದ್ದರು. ಸುಳ್ಳು ಹೇಳುತ್ತಿರಲಿಲ್ಲ, ಯಾರ ಮನಸ್ಸನ್ನೂ ನೋಯಿಸುತ್ತಿರಲಿಲ್ಲ, ಮತ್ತು ಯಾರಿಗೂ ಕಾಯುತ್ತಿರಲಿಲ್ಲ. ರವಿವಾರ ಒಂಬತ್ತೂವರೆಗೆ ಚರ್ಚಿನ ಆರಾಧನೆ ಇರುತ್ತಿದ್ದುದರಿಂದ ಬೆಳಗಿನ ಐದಕ್ಕೇ ಹೊರಡುವುದು. ಹಳಿಯಾಳ ರಸ್ತೆ ಹಿಡಿದು, ಸಾಗವಾನಿ ಕಾಡು, ಭತ್ತದ ಗದ್ದೆ, ಕೆರೆ ದಾಟಿ, ಮುದುಕಪ್ಪನ ಗುಡ್ಡ ಹತ್ತಿ ಅತ್ತ ಇಳಿದು, ಕಲಘಟಗಿ ರಸ್ತೆಯಿಂದ ತಿರುಗಿ ಬರುವುದು. ಒಟ್ಟು ಐವತ್ತೆರಡು ಕಿಲೋಮೀಟರು. ಇದರಲ್ಲಿ ಐವತ್ತು ಯಾರು ಬೇಕಾದರೂ ಹೊಡೆದಾರು. ಉಳಿದ ಎರಡು ಕಿಲೋಮೀಟರು ಗುಡ್ಡದ ಏರಿನವು. ಅದನ್ನು ಎಲ್ಲೂ ಕಾಲು ಊರದೆ ಹತ್ತಿದವನೇ ಬಳಗದಲ್ಲಿ ಗಂಡಸು.

ಮೊದಲ ರವಿವಾರ ಮಳಗಿಯವರು ಏರಿನ ಅರ್ಧಕ್ಕೆ, ಹುಣಸೆಮರದ ತಿರುವಿನಲ್ಲಿ, ಸೈಕಲ್ಲಿನ ಸಮೇತ ಎಡಕ್ಕೆ ಒರಗಿದರು. ಬಳಗದವರೆಲ್ಲ ಆಗಲೇ ಮೇಲೆ ಮುಟ್ಟಿದ್ದರು, ಯಾರೂ ನೋಡಲಿಲ್ಲ. ಎದ್ದು ನಾಲ್ಕು ಹೆಜ್ಜೆ ಇಟ್ಟರು, ಬೂಟು ಜಾರಿತು. ಮತ್ತೆ ನಾಲ್ಕು ಇಟ್ಟರು, ಮತ್ತೆ ಜಾರಿತು. ಕೊನೆಗೆ ಬೂಟು ಬಿಚ್ಚಿ, ಹೊಸ ಕಾಲುಚೀಲ ಹರಿದಾವೆಂದು ಅವನ್ನೂ ಬಿಚ್ಚಿ ಕಿಸೆಗೆ ಹಾಕಿ, ಒಂದು ಕೈಯಲ್ಲಿ ಬೂಟು, ಇನ್ನೊಂದು ಕೈಯಲ್ಲಿ ಸೈಕಲ್ಲು ಹಿಡಿದು ಬರಿಗಾಲಲ್ಲಿ ಗುಡ್ಡ ಹತ್ತಿದರು.

ದಾರಿಯಲ್ಲಿ ಅವರಿಗೆ ಸಿಕ್ಕ ಮರ್ಯಾದೆ ನೋಡಬೇಕಿತ್ತು. ಎದುರಿಗೆ ಕಟ್ಟಿಗೆ ಹೊತ್ತು ಬರುತ್ತಿದ್ದ ಹೆಂಗಸು ಹೊರೆಯನ್ನು ಇಳಿಸಿ ಕೈ ಮುಗಿದಳು. ಎಲ್ಲಿಂದ ಬಂದಿರಿ ಎಂದು ಯಾರೋ ಕೇಳಿದರು. ಮಳಗಿಯವರಿಗೆ ಉಸಿರು ಎಷ್ಟು ಹತ್ತಿತ್ತೆಂದರೆ ಊರಿನ ಹೆಸರು ಹೇಳಲು ಗಾಳಿ ಉಳಿದಿರಲಿಲ್ಲ. ಕೇಳಿದವನೇ ಕೆನ್ನೆ ಬಡಿದುಕೊಂಡು, ತಪ್ಪಾಯಿತು, ಮಾತಾಡಬಾರದು ಎಂದು ಪಕ್ಕಕ್ಕೆ ಸರಿದ. ಗುಡ್ಡದ ಆಚೆ ಬುಡದಲ್ಲಿ ಅಬ್ದುಲಗನಿಯ ಚಹದಂಗಡಿ ಇದೆ. ಅವನು ಚಹ, ಎರಡು ಬಾಳೆಹಣ್ಣು ಕೊಟ್ಟು, ನಿಮ್ಮಂಥವರ ಹತ್ತಿರ ರೊಕ್ಕ ತೆಗೆದುಕೊಳ್ಳುವುದಿಲ್ಲ ಎಂದುಬಿಟ್ಟ. ಹಳ್ಳಿಯ ಜನಕ್ಕೆ ಕ್ರೀಡೆಯ ಮೇಲೆ ಎಷ್ಟು ಗೌರವ ಎಂದು ಮಳಗಿಯವರು ಕನ್ನಡಕ ಒರೆಸಿಕೊಂಡರು.

ಅವರಿಗೆ ಗೊತ್ತಿರದ ಸಂಗತಿಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮಾಳಮಡ್ಡಿಯವರಿಗೆ ಮಂತ್ರಾಲಯ ಗೊತ್ತು, ಉಡುಪಿ ಗೊತ್ತು. ಇಪ್ಪತ್ತು ಕಿಲೋಮೀಟರು ದೂರದ ಮುದುಕಪ್ಪ ಗೊತ್ತಿಲ್ಲ. ಗುಡ್ಡದ ಮೇಲೆ ಮುದುಕಪ್ಪನ ಗುಡಿ ಇದೆ. ಮುದುಕಪ್ಪ ಮಳೆ ಕೊಡುವ ದೇವರಲ್ಲ, ಮಕ್ಕಳನ್ನು ಕೊಡುವ ದೇವರೂ ಅಲ್ಲ. ಅವನು ಹೆಣ್ಣು ಕೊಡಿಸುವವನು. ವಯಸ್ಸು ಮೀರಿದರೂ ಹೆಣ್ಣು ಸಿಗದ ಗಂಡಸರು ಐದು ರವಿವಾರ ಖಾಲಿ ಹೊಟ್ಟೆಯಲ್ಲಿ, ಬರಿಗಾಲಲ್ಲಿ, ಯಾರೊಡನೆಯೂ ಮಾತಾಡದೆ ಈಚೆಯಿಂದ ಹತ್ತಿ ಆಚೆ ಇಳಿಯಬೇಕು. ಅದಕ್ಕೆ ಆ ಸೀಮೆಯಲ್ಲಿ ಗುಡ್ಡಕ್ಕೆ ಸುತ್ತು ಹಾಕುವುದು ಎನ್ನುತ್ತಾರೆ. ಈಗಿನ ಕಾಲದಲ್ಲಿ ಹೆಣ್ಣು ಸಿಗುವುದು ಎಲ್ಲ ಕಡೆಗೂ ಕಷ್ಟವಾಗಿರುವುದರಿಂದ ಮುದುಕಪ್ಪನಿಗೆ ಬಿಡುವಿಲ್ಲ. ಚಪ್ಪಲಿ ಕೆಳಗೆ ಬಿಟ್ಟರೆ ಕಳವಾಗುತ್ತವೆಂದು ಜೊತೆಗೇ ಒಯ್ಯುವುದು ಪದ್ಧತಿ.

ಮನೆಗೆ ಬಂದ ಮಳಗಿಯವರು ತೊಂಬತ್ತನಾಲ್ಕು ಜನ ಇರುವ ಬಂಧುಬಳಗದ ವಾಟ್ಸಪ್ ಗುಂಪಿನಲ್ಲಿ ಬರೆದರು: “ಇಂದು ಮುದುಕಪ್ಪನ ಗುಡ್ಡಕ್ಕೆ ಒಂದು ಸುತ್ತು ಹಾಕಿದೆ. ಎಲ್ಲಿಯೂ ಕಾಲು ಊರಲಿಲ್ಲ.” ಮೊದಲನೆಯ ವಾಕ್ಯ ಖರೆ, ಅದರ ಅರ್ಥ ಅವರಿಗೆ ಗೊತ್ತಿರಲಿಲ್ಲ. ಎರಡನೆಯದರ ಅರ್ಥ ಗೊತ್ತಿತ್ತು, ಅದು ಖರೆ ಇರಲಿಲ್ಲ.

ಎರಡನೆಯ ರವಿವಾರ, ಮೂರನೆಯ ರವಿವಾರ ಇದೇ ನಡೆಯಿತು. ಹುಣಸೆಮರ ಬಂದೊಡನೆ ಗಾಲಿಗಳನ್ನು ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗಾಗಿ ಅವರು ಸೈಕಲ್ಲಿನ ಸಮೇತ ಒರಗಿಬಿಡುತ್ತಿದ್ದರು.

ಇದೇ ಹೊತ್ತಿಗೆ ಮಳಗಿಯವರ ಮನೆಯಲ್ಲಿ ಇನ್ನೊಂದು ಏರು ಮುಗಿಯುತ್ತ ಬಂದಿತ್ತು. ಮಗ ಸುಶ್ರುತ ಆಯುರ್ವೇದದ ವೈದ್ಯ. ಸಪ್ತಾಪುರದಲ್ಲಿ ಚಿಕ್ಕ ದವಾಖಾನೆ ಇತ್ತು. ಮೂರು ಹೆಣ್ಣಿನವರು ಅವನನ್ನು ಒಲ್ಲೆ ಎಂದಿದ್ದರು. ಒಬ್ಬರಂತೂ ಹುಡುಗನ ಅಂಗಿಗೆ ಕಷಾಯದ ವಾಸನೆ ಎಂದು ಬಾಯಿಬಿಟ್ಟೇ ಹೇಳಿದ್ದರು. ನಾಲ್ಕನೆಯವಳು ಹುಬ್ಬಳ್ಳಿ ಗೋಕುಲ ರಸ್ತೆಯ ಸಂಪದಾ. ಕೀಲುನೋವಿನವರಿಗೆ ವ್ಯಾಯಾಮ ಮಾಡಿಸುವ ಕೆಲಸ ಅವಳದು. ಅವಳಿಗೆ ಕಷಾಯದ ವಾಸನೆ ಹಿಡಿಸಿತ್ತು, ಅವನಿಗೆ ಅವಳ ನಗು ಹಿಡಿಸಿತ್ತು. ಮುಂದಿನ ಹುಣ್ಣಿಮೆಗೆ ನಿಶ್ಚಯ ಎಂದಾಗಿ, ಸಂಪದಾಳ ತಂದೆಯನ್ನು ವಾಟ್ಸಪ್ ಗುಂಪಿಗೂ ಸೇರಿಸಿಕೊಂಡಾಗಿತ್ತು. ಆದರೆ ಆ ಮನೆಯಲ್ಲಿ ತಂದೆಯ ಮಾತು ನಡೆಯುತ್ತಿರಲಿಲ್ಲ. ನಡೆಯುತ್ತಿದ್ದುದು ಅವರ ತಾಯಿ, ಎಂಬತ್ತೊಂದು ವರ್ಷದ ಕಾಶೀಬಾಯಿಯವರ ಮಾತು.

ಮೂರನೆಯ ರವಿವಾರದ ಮರುದಿನ ಹಾಲಿನ ಸಿದ್ಧಾರೂಢ ಮಳಗಿಯವರ ಬಾಗಿಲಲ್ಲಿ ಲೀಟರಿನ ಅಳತೆ ಹಿಡಿದು ನಿಂತ. ಅವನ ಊರು ಮುದುಕಪ್ಪನ ಗುಡ್ಡದ ಬುಡದಲ್ಲಿ. ಮಳಗಿಯವರ ಹೆಂಡತಿ ವೈಜಯಂತಿಬಾಯಿ ಪಾತ್ರೆ ಹಿಡಿದರೆ ಅವನು ಹಾಲು ಹಾಕದೆ ಅವರ ಮುಖ ನೋಡಿದ.

“ಬಾಯಾರ, ಮೈಯಾಗ ಛಲೋ ಅದೀರಿಲ್ರಿ?”

ಮೊಣಕಾಲು ಸ್ವಲ್ಪ ಹಿಡಿಯುತ್ತದೆ ಎಂದರು ವೈಜಯಂತಿಬಾಯಿ.

“ಅದಲ್ರಿ. ದೊಡ್ಡ ಬ್ಯಾನಿ ಏನೂ ಇಲ್ಲಲ್ರಿ? ಡಾಕ್ಟರು ಏನರ ಅಂದಾರೇನ್ರಿ, ಇಷ್ಟ ದಿನಾ ಅಂತ?”

ಮುಂದಿನದನ್ನು ಅವನು ತಲೆ ತಗ್ಗಿಸಿಕೊಂಡು ಹೇಳಿದ. ಸಾಹೇಬರು ಮೂರು ಐತವಾರ ಗುಡ್ಡ ಹತ್ತಿದ್ದಾರೆ. ಊರ ಮಂದಿ ನೋಡಿದ್ದಾರೆ. ಅಷ್ಟು ಭಾರಿ ಸೈಕಲ್ಲಿದ್ದರೂ ಏರದೆ ನೂಕಿಕೊಂಡು, ಬೂಟು ಕೈಯಲ್ಲಿ ಹಿಡಿದು, ಬಾಯಿಂದ ಒಂದು ಅಕ್ಷರ ಆಡದೆ. ಇಷ್ಟು ಕಠಿಣ ಹರಕೆಯನ್ನು ಹುಡುಗರೂ ಮಾಡುವುದಿಲ್ಲ. ಬೂಟು ಕೈಯಲ್ಲಿ ಹಿಡಿದರೆ ಏನರ್ಥ ಎಂಬುದನ್ನೂ ಹೇಳಿ, ಆ ದಿನ ಅರ್ಧ ಲೀಟರು ಹಾಲು ಹೆಚ್ಚಿಗೆ ಹಾಕಿ ಹೋದ.

ಹನ್ನೊಂದು ಗಂಟೆಯೊಳಗೆ ಓಣಿಯ ನಾಲ್ವರು ಹೆಂಗಸರು ಬಂದು ಕೂತರು. ಯಾರೂ ಏನೂ ಕೇಳಲಿಲ್ಲ. ಒಬ್ಬರು ಚಕ್ಕುಲಿ ತಂದಿದ್ದರು. ಇನ್ನೊಬ್ಬರು, ಗಂಡಸರಿಗೆ ಐವತ್ತೈದರ ಮೇಲೆ ಒಂದು ಗಾಳಿ ಬಡಿಯುತ್ತದೆ, ಮಲಗಿ ಎದ್ದರೆ ಹೋಗುತ್ತದೆ ಎಂದು ಸಮಾಧಾನ ಹೇಳಿದರು. ಮೂರನೆಯವರು, ಬಿದ್ದಾಗ ಗಾಯದ ಪಟ್ಟಿ ಕೀಳಲು ಅನುಕೂಲವಾಗಲೆಂದು ಮಳಗಿಯವರು ಕಾಲಿನ ಕೂದಲು ಬೋಳಿಸಿಕೊಂಡದ್ದನ್ನು ನೆನೆದು ಸುಮ್ಮನೆ ಕಣ್ಣೊರೆಸಿಕೊಂಡರು. ಬಿಗಿ ಚಡ್ಡಿ, ಬಣ್ಣದ ಕನ್ನಡಕ, ಬೋಳು ಕಾಲು, ನಸುಕಿನಲ್ಲಿ ಮನೆ ಬಿಡುವುದು: ಎಲ್ಲವನ್ನೂ ಕೂಡಿಸಿ ನೋಡಿದರೆ ಮೊತ್ತ ಒಂದೇ ಬರುತ್ತಿತ್ತು.

ಸಂಜೆ ಕಚೇರಿಯಿಂದ ಬಂದ ಗಂಡನ ಮುಂದೆ ವೈಜಯಂತಿಬಾಯಿ ಚಹದ ಬಟ್ಟಲು ಇಟ್ಟು, ನಿಮಗೆ ಹೆಣ್ಣು ಸಿಕ್ಕಿತೇ ಎಂದು ಕೇಳಿದರು. ವಿಷಯ ತಿಳಿಯಲು ಮಳಗಿಯವರಿಗೆ ಹತ್ತು ನಿಮಿಷ ಬೇಕಾಯಿತು. ತಿಳಿದ ಮೇಲೆ ಅವರ ಮುಂದೆ ಎರಡು ದಾರಿ ಇದ್ದವು. ಏರು ಹತ್ತಲಾಗಲಿಲ್ಲ, ನೂಕಿದೆ ಎನ್ನುವುದು ಒಂದು. ಅದನ್ನು ಅಂದರೆ ಗುಂಪಿನಲ್ಲಿ ಬರೆದ “ಕಾಲು ಊರಲಿಲ್ಲ” ಸುಳ್ಳಾಗುತ್ತದೆ. ಅದಕ್ಕೆ ಅರವತ್ತೊಂದು ಜನ ಹೆಬ್ಬೆರಳು ಎತ್ತಿದ್ದರು.

“ನಾ ಹತ್ತೋದು ಸೈಕಲ್ ಮ್ಯಾಲೆ. ಬೂಟು ಕೈಯಾಗ ಹಿಡದಾಂವ ಬ್ಯಾರೆ ಯಾವನೋ,” ಎಂದರು ಮಳಗಿಯವರು.

ನಾಲ್ಕನೆಯ ರವಿವಾರ ಹೋಗದೆ ಇರಬಹುದಿತ್ತು. ಆದರೆ ಈಗ ನಿಲ್ಲಿಸಿದರೆ ಅಪರಾಧ ಒಪ್ಪಿಕೊಂಡ ಹಾಗೆ ಎಂದು ಅವರಿಗೆ ಹೊಳೆಯಿತು. ಮರುಎಣಿಕೆಯವರ ತಲೆ ಓಡುವುದೇ ಹಾಗೆ. ಜನ ಹಿಡಿದಿರುವುದು ಕೈಯಲ್ಲಿನ ಬೂಟನ್ನು, ಕೈಯಲ್ಲಿ ಬೂಟೇ ಇಲ್ಲದಿದ್ದರೆ ಆಯಿತಲ್ಲ? ಹುಣಸೆಮರದ ಹತ್ತಿರ ಇಳಿದು, ಎರಡೂ ಬೂಟುಗಳ ಪಟ್ಟಿಗಳನ್ನು ಒಂದಕ್ಕೊಂದು ಸಿಕ್ಕಿಸಿ ಕೊರಳಿಗೆ ಹಾಕಿಕೊಂಡರು. ಎರಡು ಕೈಗಳಿಂದ ನೂಕಲು ಅನುಕೂಲವೂ ಆಯಿತು. ಐದನೆಯ ರವಿವಾರವೂ ಹಾಗೇ ಹತ್ತಿದರು. ಆ ದಿನ ಕಟ್ಟಿಗೆಯ ಹೆಂಗಸು ಹೊರೆ ಇಳಿಸಿ ಕಾಲಿಗೇ ಬಿದ್ದಳು.

ಗುಡ್ಡದ ಮೇಲಿನ ಕಮಾನಿನ ಹತ್ತಿರ ನೀರು ಕುಡಿಯುತ್ತ ನಿಂತಿದ್ದ ವರಪ್ರಸಾದ ಮಾಸ್ತರರು ಕೊನೆಯ ತಿರುವಿನಲ್ಲಿ ಬರುತ್ತಿದ್ದ ಮಳಗಿಯವರ ಒಂದು ಫೋಟೋ ತೆಗೆದರು. ಸಾಗವಾನಿ ಮರಗಳ ಸಾಲು, ಎಳೆಬಿಸಿಲು, ಕೊರಳಲ್ಲಿ ಬೂಟು, ಆಕಾಶಕ್ಕೆ ತೆರೆದ ಬಾಯಿ. ಕೆಳಗೆ “ಮಳಗಿ ಸರ್ ಐದು ಸುತ್ತು ಪೂರ್ತಿ ಮಾಡಿದರು, ಅಭಿನಂದನೆ” ಎಂದು ಬರೆದು ಅವರಿಗೇ ಕಳಿಸಿ, ಆರಾಧನೆಗೆ ತಡವಾಯಿತೆಂದು ಇಳಿದು ಹೋದರು. ಅಬ್ದುಲಗನಿಯ ಅಂಗಡಿಯಲ್ಲಿ ಕೂತು ಮಳಗಿಯವರು ಮೊಬೈಲು ತೆಗೆದರು. ಓದುವ ಕನ್ನಡಕ ಮನೆಯಲ್ಲಿತ್ತು, ಮೂಗಿನ ಮೇಲಿದ್ದುದು ಬಣ್ಣದ್ದು. ಕಣ್ಣು ಕಿರಿದು ಮಾಡಿ “ಪೂರ್ತಿ”, “ಅಭಿನಂದನೆ” ಎಂಬ ಎರಡು ಶಬ್ದ ಓದಿಕೊಂಡರು. ಚಿತ್ರದಲ್ಲಿ ತಮ್ಮ ಹೆಲ್ಮೆಟ್ಟಿನ ಕೆಂಪು ಕಂಡಿತು. ಅಷ್ಟು ಸಾಕಾಯಿತು. ಬಂಧುಬಳಗದ ಗುಂಪಿಗೆ ಕಳಿಸಿಬಿಟ್ಟರು.

ಹುಬ್ಬಳ್ಳಿಯಲ್ಲಿ ಸಂಪದಾ ಆ ಫೋಟೋವನ್ನು ತಂದೆಯ ಮೊಬೈಲಿನಲ್ಲಿ ನೋಡಿ, ನಗು ಬಂದು ಅಜ್ಜಿಗೆ ತೋರಿಸಿದಳು. ಅಜ್ಜಿ ನಗಲಿಲ್ಲ. ಕಾಶೀಬಾಯಿಯವರ ತವರು ಆ ಗುಡ್ಡದ ಸೀಮೆಯದು, ಅವರ ತಂದೆ ಅಲ್ಲಿ ಕುಲಕರ್ಣಿಯಾಗಿದ್ದವರು. ಸಿದ್ಧಾರೂಢನಿಗೂ ಪೂರ್ತಿ ಗೊತ್ತಿಲ್ಲದ ಒಂದು ವಿಷಯ ಅವರಿಗೆ ಗೊತ್ತಿತ್ತು: ತನಗಾಗಿ ಹತ್ತುವವನು ಪಾದರಕ್ಷೆಯನ್ನು ಕೈಯಲ್ಲಿ ಹಿಡಿಯುತ್ತಾನೆ, ಮಗನಿಗೆ ಹೆಣ್ಣು ಸಿಗಲೆಂದು ಹತ್ತುವ ತಂದೆ ಕೊರಳಿಗೆ ಹಾಕಿಕೊಳ್ಳುತ್ತಾನೆ.

ಮರುದಿನ ಸಂಜೆ ಕಾಶೀಬಾಯಿ ಮಗನನ್ನೂ ಮೊಮ್ಮಗಳನ್ನೂ ಕರೆದುಕೊಂಡು ಮಾಳಮಡ್ಡಿಗೆ ಬಂದರು. ಅವಲಕ್ಕಿ ಮುಂದಿಟ್ಟರೆ ಮುಟ್ಟಲಿಲ್ಲ. ಸುಶ್ರುತ ಬಾಗಿಲ ಹತ್ತಿರ ನಿಂತಿದ್ದ. ಮಳಗಿಯವರು ತಮ್ಮ ಕಡೆಯ ಸಾಕ್ಷಿಯಾಗಿ ವರಪ್ರಸಾದ ಮಾಸ್ತರರನ್ನು ಕರೆಸಿಕೊಂಡಿದ್ದರು. ಸುಳ್ಳು ಹೇಳದ ಮನುಷ್ಯನನ್ನು ಸಾಕ್ಷಿಗೆ ಕರೆಯುವ ಮುಂಚೆ ಎರಡು ಸಲ ವಿಚಾರ ಮಾಡಬೇಕು. ಅವರು ಒಂದು ಸಲವೂ ಮಾಡಿರಲಿಲ್ಲ.

ಕಾಶೀಬಾಯಿಯವರ ಲೆಕ್ಕ ನೇರವಾಗಿತ್ತು. ಹುಡುಗನ ತಂದೆ ಬರಿಗಾಲಲ್ಲಿ ಐದು ಸುತ್ತು ಹಾಕಬೇಕಾದರೆ ಹುಡುಗನನ್ನು ಎಷ್ಟು ಜನ ಒಲ್ಲೆ ಎಂದಿರಬೇಕು? ಅವನಲ್ಲಿ ಏನು ಐಬಿದೆ? ಅದನ್ನು ನಮಗೆ ಯಾಕೆ ಹೇಳಲಿಲ್ಲ?

ಮಗನ ಮುಖ ಬಿಳುಪಾದುದನ್ನು ಕಂಡು ವೈಜಯಂತಿಬಾಯಿ ತಡೆಯಲಾರದೆ, ಮಗನಿಗಾಗಿ ಅಲ್ಲ, ಬೂಟು ಕೈಯಲ್ಲಿತ್ತು ಎಂದು ಹಾಲಿನವನು ಹೇಳಿದ್ದಾನೆ ಎಂದುಬಿಟ್ಟರು. ಮಗನನ್ನು ಉಳಿಸಲು ಹೋಗಿ ಗಂಡನನ್ನು ಕೊಟ್ಟ ಹಾಗಾಯಿತು. ಕಾಶೀಬಾಯಿ ನಿಧಾನಕ್ಕೆ ವರಪ್ರಸಾದರ ಕಡೆ ತಿರುಗಿದರು.

“ಮಾಸ್ತರ, ನೀವು ಕಣ್ಣಿಲೆ ನೋಡೀರಿ. ಬೂಟು ಕೈಯಾಗಿದ್ದೂವೋ, ಕೊರಳಾಗೋ?”

ವರಪ್ರಸಾದರು ನೆಟ್ಟಗೆ ಕೂತು ನೆನಪು ಮಾಡಿಕೊಂಡರು. “ಮೂರು ವಾರ ಕೈಯಾಗ ಇದ್ದೂರಿ ಅಮ್ಮಾರ. ಎರಡು ವಾರ ಕೊರಳಾಗ.”

ಸಂಪದಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

“ಅಂದರ ಮೂರು ವಾರ ತಮ್ಮ ಸಲುವಾಗಿ, ಎರಡು ವಾರ ಮಗನ ಸಲುವಾಗಿ,” ಎಂದರು ಕಾಶೀಬಾಯಿ. “ಯಾರಿಗೆ ಕೊಡಬೇಕು ಅಂತ ಮುದುಕಪ್ಪಗೂ ತಿಳಿದಿರಲಿಕ್ಕಿಲ್ಲ. ನಮ್ಮ ಹುಡುಗಿನ್ನ ಐಬಿನ ವರಗ ಕೊಡೋದೋ, ಒಂದ ಮನಿಯೊಳಗ ಎರಡು ಅತ್ತಿ ಕೈಯಾಗ ಕೊಡೋದೋ, ಅಷ್ಟು ಹೇಳ್ರಿ ರಾಯರ.”

ಮೂರನೆಯದೊಂದು ಉತ್ತರ ಇತ್ತು. ಅದು ಮಳಗಿಯವರ ಗಂಟಲಿನವರೆಗೆ ಬಂದು ಎರಡು ಸಲ ಹಿಂದಕ್ಕೆ ಹೋಯಿತು. ಸುಶ್ರುತ ತಂದೆಯನ್ನೇ ನೋಡುತ್ತಿದ್ದ. ಮೂರು ಸಲ ಒಲ್ಲೆ ಅನ್ನಿಸಿಕೊಂಡ ಹುಡುಗ ನಾಲ್ಕನೆಯ ಸಲ ಹೇಗೆ ನೋಡುತ್ತಾನೋ ಹಾಗೆ.

“ಹರಕಿ ಅಲ್ರಿ,” ಎಂದರು ಮಳಗಿಯವರು. “ನನಗ ಗುಡ್ಡ ಹತ್ತಲಿಕ್ಕೆ ಆಗಲಿಲ್ಲ. ಹುಣಸಿ ಮರದ ತನಕ ಹೋಗ್ತೇನಿ, ಅಲ್ಲಿ ಮುಗೀತದ. ಬೂಟಿನೊಳಗ ನಡೀಲಿಕ್ಕೆ ಬರೂದಿಲ್ಲ. ಅದಕ್ಕ ಬರಿಗಾಲಿಲೆ ನೂಕಿದೆ. ಐದೂ ವಾರ ನೂಕಿದೆ.”

ವರಪ್ರಸಾದರಿಗೆ ನಿಜವಾಗಿಯೂ ನೋವಾಯಿತು. ಅವರು ಐದು ವಾರವೂ ನೋಡಿದ್ದು ಕೊನೆಯ ತಿರುವನ್ನಷ್ಟೇ. ಗುಡಿ ಕಂಡೊಡನೆ ಸರ್ ಇಳಿದು ಪಾದರಕ್ಷೆ ಬಿಡುತ್ತಾರೆ, ಅದು ಅವರ ಧರ್ಮದ ಪದ್ಧತಿ, ಕೇಳಬಾರದು ಎಂದು ಅವರು ಗೌರವದಿಂದ ಸುಮ್ಮನಿದ್ದರು.

ಕಾಶೀಬಾಯಿ ನಂಬಲಿಲ್ಲ. ಲಕ್ಷ ರೂಪಾಯಿಯ ಗಾಡಿ ತೆಗೆದುಕೊಂಡು ಅದನ್ನು ಗುಡ್ಡದ ಮೇಲೆ ನೂಕಲು ಯಾರು ಹೋಗುತ್ತಾರೆ? ಅದೂ ಐದು ಸಲ, ಅದೂ ರವಿವಾರವೇ? ಕಾಲು ಊರಲಿಲ್ಲ ಎಂದು ಸ್ವಂತ ಕೈಯಿಂದ ಬರೆದಿದ್ದಾರಲ್ಲ? ಕೊನೆಗೆ ತೀರ್ಪು ಕೊಟ್ಟರು.

“ಹತ್ತಲಿಕ್ಕೆ ಬರಾಂವ ನಡಕೊಂಡು ಹೋದ್ರ ಅದು ಹರಕಿ. ಹತ್ತಲಿಕ್ಕೆ ಬಾರದಾಂವ ನಡಕೊಂಡು ಹೋದ್ರ ಅದು ಹಣೇಬರಹ. ಯಾವುದು ಅನ್ನೋದನ್ನ ನಾ ಖುದ್ದ ನೋಡಬೇಕು. ಐತವಾರ ಬ್ಯಾಡ, ಮತ್ತ ಅದೂ ಸುತ್ತಿನಾಗ ಸೇರ್ತದ. ಶನಿವಾರ ಹತ್ತಿ ತೋರಸ್ರಿ. ನಡುವ ಇಳದ್ರ ನಿಶ್ಚಯ. ಮ್ಯಾಲಿನ ತನಕ ಹತ್ತಿದ್ರ ನಮ್ಮದು ನಿಮ್ಮದು ನಮಸ್ಕಾರ.”

ಮೂವತ್ತು ವರ್ಷ ಪರೀಕ್ಷಾ ಕಚೇರಿಯಲ್ಲಿ ದುಡಿದ ಮಳಗಿಯವರು ನಪಾಸಾಗಲೇಬೇಕಾದ ಪರೀಕ್ಷೆಯೊಂದಕ್ಕೆ ಮೊದಲ ಸಲ ಕೂಡುವವರಿದ್ದರು. ಅವರಿಗೆ ಸ್ವಲ್ಪವೂ ಹೆದರಿಕೆ ಇರಲಿಲ್ಲ. ಯಾವ ಅಭ್ಯಾಸವೂ ಇಲ್ಲದೆ ಪಾಸಾಗುವ ಖಾತ್ರಿ ಜೀವನದಲ್ಲಿ ಎಷ್ಟು ಸಲ ಸಿಗುತ್ತದೆ?

ತಿಂಗಳ ಎರಡನೆಯದಾಗಿ ಕಚೇರಿಗೆ ರಜೆಯಿದ್ದ ಆ ಶನಿವಾರ ಗುಡ್ಡದ ಬುಡದಲ್ಲಿ ಜಾತ್ರೆಯಷ್ಟು ಅಲ್ಲದಿದ್ದರೂ ಸಂತೆಯಷ್ಟು ಜನ ಸೇರಿದ್ದರು. ಸಿದ್ಧಾರೂಢ ಊರಿಗೆಲ್ಲ ಹೇಳಿದ್ದ. ಅಬ್ದುಲಗನಿ ಅಂಗಡಿಯನ್ನು ಈಚೆ ಬುಡಕ್ಕೆ ತಂದು ಮಿರ್ಚಿ ಕರಿಯುತ್ತಿದ್ದ. ಕಾಶೀಬಾಯಿ, ಅವರ ಮಗ, ವೈಜಯಂತಿಬಾಯಿ ಹಿಂದೆ ಹಿಂದೆ ಬರಲು ಒಂದು ಟಂಟಂ ರಿಕ್ಷಾ ಬಾಡಿಗೆಗೆ ಹಿಡಿದಿದ್ದರು. ಸುಶ್ರುತ, ಸಂಪದಾ ಮೊದಲೇ ಮೇಲೆ ಹೋಗಿ ಕಮಾನಿನ ಹತ್ತಿರ ನಿಂತಿದ್ದರು.

ಮಳಗಿಯವರು ಒಂದು ಕಾಲಿಗೆ ಬೀಗ ಹಾಕಿಕೊಂಡಾಗ ವರಪ್ರಸಾದರು ಹತ್ತಿರ ಬಂದು ಕಿವಿಯಲ್ಲಿ ಹೇಳಿದರು. ನಿನ್ನೆ ಸಂಜೆ ಸರ್ ಕಚೇರಿಯಿಂದ ಬರುವ ಮುಂಚೆ ಮಾಸ್ತರರು ಅವರ ಮನೆಗೆ ಹೋಗಿ ಸೈಕಲ್ಲು ನೋಡಿದ್ದರು. ಇಷ್ಟು ಮಂದಿಯ ಮುಂದೆ ಒಬ್ಬ ದೊಡ್ಡ ಮನುಷ್ಯನ ಮಾನ ಹೋಗುವುದನ್ನು ನೋಡಲು ಅವರ ಮನಸ್ಸು ಒಪ್ಪಿರಲಿಲ್ಲ.

“ಹಿಂದಿನ ಬ್ರೇಕು ಗಾಲಿಗೆ ತಗಲಿತ್ರಿ ಸರ್. ಇಷ್ಟು ದಿನಾ ಬ್ರೇಕ್ ಹಿಡಕೊಂಡ ಗುಡ್ಡಾ ಹತ್ತಾಕತ್ತಿದ್ರಿ ನೀವು. ಸಡಲ ಮಾಡೇನಿ, ಎಣ್ಣಿನೂ ಬಿಟ್ಟೇನಿ. ಇನ್ನ ನೋಡ್ರಿ, ಹಕ್ಕಿ ಹಂಗ ಹೋಕ್ಕೀರಿ.”

ಮಳಗಿಯವರು ಏನಾದರೂ ಅನ್ನುವಷ್ಟರಲ್ಲಿ ಮಾಸ್ತರರು ಪ್ರೀತಿಯಿಂದ ಹಿಂದಿನಿಂದ ಒಂದು ನೂಕು ಕೊಟ್ಟುಬಿಟ್ಟರು.

ಸೈಕಲ್ಲು ಹೊರಟಿತು. ಐದು ವಾರ ಬ್ರೇಕು ಹಿಡಿದ ಗಾಲಿಯನ್ನು ತುಳಿದೂ ನೂಕಿಯೂ ಮಳಗಿಯವರ ಕಾಲುಗಳು ಅವರಿಗೇ ಗೊತ್ತಿಲ್ಲದೆ ಬೇರೆ ಯಾರದೋ ಕಾಲುಗಳಾಗಿದ್ದವು. ಒಂದನೆಯ ತಿರುವು ಹೋಯಿತು. ಎರಡನೆಯದು ಹೋಯಿತು. ಹುಣಸೆಮರದ ಹತ್ತಿರ ಇಳಿಯಬೇಕೆಂದು ಅವರು ಹುಣಸೆಮರಕ್ಕಾಗಿ ಕಾಯುತ್ತಿದ್ದರು. ಅದು ಬರಲೇ ಇಲ್ಲ. ಮರ ದಾಟಿ ಅರ್ಧ ಫರ್ಲಾಂಗು ಬಂದಾಗಿತ್ತು. ಅಲ್ಲಿಯವರೆಗೆ ಯಾವತ್ತೂ ಕಣ್ಣು ತೆರೆದುಕೊಂಡು ಬಂದಿರಲಿಲ್ಲವಾದ್ದರಿಂದ ಅವರಿಗೆ ಗುರುತು ಸಿಗಲಿಲ್ಲ.

ಹಿಂದೆ ಟಂಟಂನಲ್ಲಿದ್ದವರಿಗೂ ಮರ ದಾಟಿದ್ದು ಕಂಡಿತು. ಸಂಪದಾಳ ತಂದೆ, ಹುಡುಗ ಒಳ್ಳೆಯವನಿದ್ದ ಎಂದರು. ಇದ್ದ ಎಂಬ ಶಬ್ದ ವೈಜಯಂತಿಬಾಯಿಯವರ ಎದೆಗೆ ತಗುಲಿತು. ಕಾಶೀಬಾಯಿ ಕೈಚೀಲದಿಂದ ಎಲೆ ಅಡಿಕೆ ತೆಗೆದು, ಹರಕೆಯೇ ಎಂದು ಕಂಡಿತಲ್ಲ, ಮೇಲೆ ಹೋದೊಡನೆ ಗಾಡಿ ತಿರುಗಿಸಲು ಹೇಳು ಎಂದು ಮಗನಿಗೆ ಸೂಚಿಸಿದರು. ರಸ್ತೆಯ ಎರಡೂ ಬದಿ ಜನ ಕೂಗುತ್ತಿದ್ದರು. ಇಳಿಯಬೇಡಿರಿ ಸಾಹೇಬರ, ಇನ್ನೇನು ಬಂತು ಎಂದು ಸಿದ್ಧಾರೂಢ ಜೊತೆಗೇ ಓಡುತ್ತಿದ್ದ. ಇಡೀ ಗುಡ್ಡದಲ್ಲಿ ಅವರು ಗೆಲ್ಲಬಾರದೆಂದು ಹಾರೈಸುತ್ತಿದ್ದವರು ಹೆಂಡತಿ, ಮಗ, ಸಂಪದಾ, ಅವಳ ತಂದೆ, ಹೀಗೆ ನಾಲ್ಕೇ ಜನ, ಆ ನಾಲ್ವರೂ ಅವರ ಸ್ವಂತದವರು.

ಕೊನೆಯ ತಿರುವು ದಾಟಿದಾಗ ಕಮಾನು ಕಂಡಿತು. ಉಸಿರು ಇನ್ನೂ ಮೂಗಿನಲ್ಲೇ ಇತ್ತು. ಕಮಾನಿನ ಕೆಳಗೆ ಸುಶ್ರುತ ನಿಂತಿದ್ದ. ಸಂಪದಾ ಅವನ ಹತ್ತಿರದಿಂದ ಒಂದು ಮಾರು ಸರಿದು ನಿಂತಿದ್ದಳು.

ಮಳಗಿಯವರು ಬಲ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರು. ಆರು ವಾರಗಳಲ್ಲಿ ಮೊದಲ ಸಲ ಬೀಗ ಸರಿಯಾದ ಹೊತ್ತಿಗೆ ಬಿಚ್ಚಿಕೊಂಡಿತು. ಕಾಲು ನೆಲಕ್ಕೆ ಊರಿದರು.

ಜನರೆಲ್ಲ ಅಯ್ಯೋ ಎಂದರು. ಮಳಗಿಯವರು ಹ್ಯಾಂಡಲ್ಲಿನ ಮೇಲೆ ಬಾಗಿ, ಬಾಯಿ ತೆರೆದು, ಎದೆಯನ್ನು ಮೇಲೆ ಕೆಳಗೆ ಮಾಡಲು ತೊಡಗಿದರು. ಐದು ವಾರ ತಾನಾಗಿ ಬರುತ್ತಿದ್ದ ಏದುಸಿರನ್ನು ಈಗ ಪ್ರಯತ್ನಪಟ್ಟು ತರಿಸಬೇಕಾಯಿತು. ನಂತರ ಬೂಟು ಬಿಚ್ಚಿ ಬರಿಗಾಲಲ್ಲಿ ನಿಂತರು. ಟಂಟಂ ಬಂದು ಪಕ್ಕಕ್ಕೆ ನಿಂತಿತು.

“ಹುಣಸಿ ಮರಾ ದಾಟಿ ಬಂದಿರಲ್ಲ?” ಎಂದು ಕಾಶೀಬಾಯಿ ಕೇಳಿದರು.

“ಜನಾ ಒದರಿದ್ರಲ್ರಿ... ಆ ಜೋರಿನಾಗ ಬಂದೆ... ಇನ್ನ ಆಗೂದಿಲ್ರಿ,” ಎಂದರು ಮಳಗಿಯವರು, ಒಂದೊಂದು ಶಬ್ದಕ್ಕೂ ಗಾಳಿ ಎಳೆದುಕೊಂಡು.

ಮುದುಕಿ ಅವರನ್ನು ಮೇಲಿನಿಂದ ಕೆಳಗೆ ನೋಡಿದರು. ಎದುರಿಗೇ ಕಮಾನು. ಇಷ್ಟು ಹತ್ತಿರ ಬಂದು, ಊರೆಲ್ಲ ನೋಡುತ್ತಿರುವಾಗ, ಆಗುವ ಮನುಷ್ಯ ಯಾರಾದರೂ ಇಳಿದಾನೇ? ಗಂಡಸಿನ ಜಂಭದ ಮೇಲೆ ಕಾಶೀಬಾಯಿಯವರಿಗೆ ಎಂಬತ್ತೊಂದು ವರ್ಷದ ನಂಬಿಕೆ ಇತ್ತು.

“ಪಾಪ, ಖರೇನ ಕೈಲಾಗದ ಮನಷ್ಯಾ,” ಎಂದು ಅವರು ತಮ್ಮ ನೀರಿನ ತಂಬಿಗೆಯನ್ನು ಕೊಟ್ಟರು. ಆ ದಿನ ಮಳಗಿಯವರಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿರಲಿಲ್ಲ.

ವೈಜಯಂತಿಬಾಯಿ ಕೆಳಗಿಳಿದು ಬಂದು ಗಂಡನ ಕೈಯಿಂದ ಬೂಟು ಕಸಿದುಕೊಂಡು, ಕೈಯಲ್ಲೂ ಬೇಡ ಕೊರಳಲ್ಲೂ ಬೇಡ ಎಂದು ಟಂಟಂನ ಮೂಲೆಗೆ ಎಸೆದರು. ಸೆರಗಿನಿಂದ ಅವರ ಹಣೆ ಒರೆಸಹೋದರು. ಹಣೆ ಒಣಗಿತ್ತು.

“ನಿಮಗ ಉಸರ ಹತ್ತಿಲ್ಲ,” ಎಂದರು, ಅವರಿಗಷ್ಟೇ ಕೇಳುವ ಹಾಗೆ.

“ಸುಮ್ಮನಿರು,” ಎಂದರು ಮಳಗಿಯವರು.

ಹುಣ್ಣಿಮೆಗೆ ನಿಶ್ಚಯವಾಯಿತು. ಎರಡು ತಿಂಗಳಿಗೆ ಮದುವೆಯೂ ಆಯಿತು. ಬೀಗರ ಊಟದಲ್ಲಿ ಕಾಶೀಬಾಯಿ ತಮ್ಮ ಕಡೆಯವರಿಗೆಲ್ಲ ಮಳಗಿಯವರನ್ನು, ಇವರೇ ಆ ಗುಡ್ಡ ಹತ್ತಲಾರದ ರಾಯರು ಎಂದು ಪರಿಚಯ ಮಾಡಿಸಿದರು. ಬಂಧುಬಳಗದ ಗುಂಪಿನಲ್ಲಿ ಯಾರೋ ಅವರಿಗೆ ನೂಕು ಕಾಕಾ ಎಂದು ಹೆಸರಿಟ್ಟರು, ಅದೇ ನಿಂತಿತು. ವರಪ್ರಸಾದರು ಮಾತ್ರ, ಬ್ರೇಕು ತಾನು ಸರಿಯಾಗಿ ಸಡಿಲ ಮಾಡಿರಲಿಲ್ಲವೇನೋ ಎಂದು ಇಂದಿಗೂ ಕೊರಗುತ್ತಾರೆ. ಮಳಗಿಯವರು ರವಿವಾರ ಈಗಲೂ ಹೋಗುತ್ತಾರೆ. ಸಕ್ಕರೆ ಹತೋಟಿಗೆ ಬಂದಿದೆ, ಕಾಲು ಗಟ್ಟಿಯಾಗಿವೆ, ಗುಡ್ಡವನ್ನು ಹಾಡು ಹೇಳುತ್ತ ಹತ್ತಿಯಾರು. ಆದರೆ ಕಾಶೀಬಾಯಿಯವರ ತವರಿನವರು ದಾರಿಯುದ್ದಕ್ಕೂ ಇದ್ದಾರೆ. ಆದ್ದರಿಂದ ಕೊನೆಯ ತಿರುವು ಬಂದೊಡನೆ ಇಳಿಯುತ್ತಾರೆ. ಬೂಟು ಸೈಕಲ್ಲಿನ ಹಿಂದೆ ಕಟ್ಟಿಕೊಂಡ ಚಪ್ಪಲಿಯ ಚೀಲಕ್ಕೆ ಹೋಗುತ್ತದೆ, ಚಪ್ಪಲಿ ಕಾಲಿಗೆ ಬರುತ್ತದೆ, ಮತ್ತು ಅವರು ನೂಕುತ್ತಾರೆ.

ಆ ತಿರುವಿನಿಂದ ಕಮಾನಿಗೆ ನೂರಿಪ್ಪತ್ತು ಹೆಜ್ಜೆ. ಮಳಗಿಯವರು ಗಳಿಸಿದ್ದು ಒಬ್ಬ ಸೊಸೆಯನ್ನು, ಕಳೆದುಕೊಂಡದ್ದು ಆ ನೂರಿಪ್ಪತ್ತು ಹೆಜ್ಜೆಯನ್ನು.